ಕೂಗಳತೆ

ಕ್ಯಾಮೆರಾ ಹೊಸದಲ್ಲ. ಸಿರ್ಕೆಜಿಯ ಓಣಿಯಲ್ಲಿ
ಹಾಯ್ಕ್ ಉಸ್ತಾದನ ಗಾಜಿನ ಪೆಟ್ಟಿಗೆಯಿಂದ ಬಂದದ್ದು.
"ಅರವತ್ತೈದು ಪಟ್ಟು ಹತ್ತಿರ ತರುತ್ತದೆ," ಅಂದ ಮಸೂರ ಒರೆಸುತ್ತ,
"ಮದುವೆ ಮನೆಗೆ ಮಾತ್ರ ಒಯ್ಯಬೇಡ,
ಇದು ಒಳಗಿನ ಪ್ರಾಣಿಯಲ್ಲ."
ಎರಡು ತಿಂಗಳ ಸಂಬಳ, ಕಂತಿನಲ್ಲಿ.
ನನ್ನದು ಸಿಮಿತ್ ಸುಡುವ ಅಂಗಡಿಯಲ್ಲಿ ಕೆಲಸ,
ಅದರ ಗುಂಡಿಗಳ ಸಂದಿಯಲ್ಲಿ ಈಗಲೂ ಎಳ್ಳು ಸಿಗುತ್ತದೆ.

ತಮ್ಮ ಇಲ್ಕರ್ ಗೋಧಿ ಹಡಗಿನಲ್ಲಿದ್ದಾನೆ.
ಕಪ್ಪು ಸಮುದ್ರದಿಂದ ಕೆಳಗಿಳಿದು
ಇಸ್ತಾಂಬುಲನ್ನು ನಡುವೆ ಸೀಳಿಕೊಂಡು ಹೋಗುವ ಹಡಗು
ಇಸ್ತಾಂಬುಲಿನಲ್ಲಿ ನಿಲ್ಲುವುದಿಲ್ಲ.
ಹುಟ್ಟಿದ ಬೀದಿಯ ಎದುರಿಗೇ,
ನಮ್ಮ ಮಸೀದಿಯ ಬಾಂಗು ಕಿವಿಗೆ ಬೀಳುವಷ್ಟು ಹತ್ತಿರ ಹಾಯುತ್ತಾನೆ,
ಇಳಿಯುವ ಹಾಗಿಲ್ಲ.
ಕೂಗಳತೆ ಅನ್ನುತ್ತಾರಲ್ಲ, ಅಷ್ಟೇ ದೂರ.
ಕೂಗಿದ್ದೇನೆ ಕೂಡ. ಎಂಜಿನ್ನಿಗೆ ಅದು ಲೆಕ್ಕಕ್ಕಿಲ್ಲ.

ಫೋನಿನ ನಕ್ಷೆಯಲ್ಲಿ ಅವನೊಂದು ಹಸಿರು ತ್ರಿಕೋನ.
ಅದು ಜಲಸಂಧಿಯ ಬಾಯಿಗೆ ಬಂದರೆ
ಪಾಳಿ ಬದಲಿಸಿಕೊಂಡು ಓಡುತ್ತೇನೆ.

ಮೊದಲೆರಡು ಸಲ ಯುರೋಪಿನ ದಡದಲ್ಲಿ ನಿಂತೆ,
ಗಾಳ ಹಾಕುವವರ ನಡುವೆ. ಹಡಗು ಹತ್ತಿರವೇ ಬಂತು,
ಸೂರ್ಯ ಅದರ ಬೆನ್ನಿಗಿದ್ದ.
ಸಿಕ್ಕಿದ್ದು ಕೈ ಬೀಸುವ ಒಂದು ಮಸಿ.
ರಾಸಿಮ್ ಮಾಮ ಗಾಳ ಬಿಟ್ಟು ಇಣುಕಿದ:
"ಇದು ಯಾರ ತಮ್ಮನೂ ಆಗಬಹುದು.
ಆಚೆ ದಡಕ್ಕೆ ಹೋಗು ಮಗಳೇ,
ದೂರ ಆಗ್ತದೆ, ಬೆಳಕು ಸಿಗ್ತದೆ."

ಅಂದಿನಿಂದ ಕಂದಿಲ್ಲಿಯ ತಿರುವು.
ಸನ್ನೆ ತಿರುಗಿಸಿದರೆ ಗುರ್ ಎನ್ನುತ್ತ
ಆಮೆಯ ಕತ್ತಿನಂತೆ ಮಸೂರ ಹೊರಬರುತ್ತದೆ.
ಪೂರ್ತಿ ಚಾಚಿದಾಗ ಲೋಕವೇ ನಡುಗುತ್ತದೆ:
ನನ್ನ ಒಂದು ಉಸಿರು
ಮೂವತ್ತು ಸಾವಿರ ಟನ್ ಗೋಧಿಯನ್ನು
ಒಂದು ಮಾರು ಎತ್ತಿ ಇಳಿಸುತ್ತದೆ.
ಕಂಬಿಗೆ ಮೊಣಕೈ ಒತ್ತಿ ಉಸಿರು ಕಟ್ಟುವುದು ಕಲಿತೆ.
ಮೊದಲು ಅಗಲದಲ್ಲಿ ಹಡಗನ್ನು ಹಿಡಿ, ಆಮೇಲೆ ಒಳಗೆ ನುಗ್ಗು,
ತಲೆಕೆಳಗಾದರೆ ಬರೀ ನೀರು, ಬರೀ ತುಕ್ಕು,
ಯಾರೋ ಒಣಹಾಕಿದ ಬನಿಯನ್ನು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ.
ಈ ಯಂತ್ರ ದೂರದ ಮುಖವನ್ನೂ ನುಣ್ಣಗೆ ಮಾಡುತ್ತಿತ್ತು,
ಮೇಣ ಸವರಿದ ಹಾಗೆ.
ಆ ಉಪಕಾರವನ್ನು ಮೆನುವಿನಲ್ಲಿ ಹುಡುಕಿ ಆರಿಸಿದೆ.
ಈಗ ರವೆ ರವೆಯಾಗಿ ಬರುತ್ತಾನೆ. ಬರಲಿ.
ಗಡ್ಡ ಬಿಟ್ಟದ್ದು ಗೊತ್ತಾದದ್ದು ಹಾಗೆಯೇ.

ನವೆಂಬರಿನ ಒಂದು ಮಂಗಳವಾರ, ಒಂಬತ್ತು ಗಂಟೆಗೆ,
ಒತ್ತಿ ಹಿಡಿದೆ. ಹನ್ನೊಂದು ಚಿತ್ರ.
ಅವನ್ನು ಬರೆದುಕೊಳ್ಳಲು ಕ್ಯಾಮೆರಾ ಕೂತುಬಿಟ್ಟಿತು,
ನಿಧಾನಕ್ಕೆ, ತಾಲೂಕು ಕಚೇರಿಯ ಗುಮಾಸ್ತನಂತೆ.
ಏಳುವಷ್ಟರಲ್ಲಿ ಹಡಗಿನ ಬೆನ್ನು,
ಆಮೇಲೆ ನೀರು.

ಅಂಗಡಿಯ ಹಿಂದೆ ಹಿಟ್ಟಿನ ಮೂಟೆಯ ಮೇಲೆ ಕೂತು
ಒಂದೊಂದನ್ನೇ ದೊಡ್ಡದು ಮಾಡಿದೆ.
ಹನ್ನೊಂದರಲ್ಲೂ ನಗು. ಹನ್ನೊಂದರಲ್ಲೂ ಬಲಗೈ ಬೀಸುತ್ತಿದ್ದಾನೆ.
ಇಲ್ಕರ್ ಎಡಚ.
ಚಮಚ, ಚೆಂಡು, ನನ್ನ ಬೆನ್ನಿಗೆ ಬಿದ್ದ ಗುದ್ದು,
ಎಲ್ಲ ಎಡಗೈಯದೇ.
ಆ ಕೈ ಜೇಬಿನಲ್ಲಿದೆ.
ಏಳನೆಯದರಲ್ಲಿ ಮಾತ್ರ, ಗಾಳಿಗೆ ಟೋಪಿ ಹಾರಿತೇನೋ,
ಹಿಡಿಯಲು ಹೊರಬಂದಿದೆ. ಬೆಳ್ಳಗಿದೆ.
ಕೈಗವಸು ಇರಬಹುದು.
ಕೈಗವಸಿಗೆ ಬೆರಳುಗಳಿರುತ್ತವೆ.

ಹಾಯ್ಕ್ ಉಸ್ತಾದ ಕನ್ನಡಕ ಏರಿಸಿ ನೋಡಿದ, ಹಿಗ್ಗಿಸಿದ,
ಮತ್ತೂ ಹಿಗ್ಗಿಸಿದ.
"ಇನ್ನು ಮುಂದೆ ಬರೀ ಚೌಕಗಳಮ್ಮಾ," ಅಂದ,
ದುಡ್ಡು ತೆಗೆದುಕೊಳ್ಳಲಿಲ್ಲ, ಚಹಾ ತರಿಸಿದ.

ರಾತ್ರಿ ಇಲ್ಕರನ ಫೋನು ಬಂತು.
ಆರಾಮಾಗಿದ್ದೇನೆ ಅಕ್ಕಾ,
ಅಡುಗೆಯವನು ಬದಲಾಗಿದ್ದಾನೆ, ಉಪ್ಪು ಜಾಸ್ತಿ.
ಚಿತ್ರ ಹೇಗೆ ಬಂತು?
ಬೆಳಕು ಚೆನ್ನಾಗಿತ್ತು, ಅಂದೆ.
ಸ್ವಲ್ಪ ಹೊತ್ತು ಬರೀ ಸಮುದ್ರ ಕೇಳಿಸಿತು.
"ನಿನ್ನ ಕ್ಯಾಮೆರಾ ಎಷ್ಟು ಪಟ್ಟು ಅಂದಿದ್ದೆ?"

"ಇಪ್ಪತ್ತು," ಅಂದೆ.